ಹಠದ ಮೂಲೆ

ನಮ್ಮ ಊರಿನಲ್ಲಿ ಮನೆಗೆ ಒಂದೇ ಹಠ. ಅದು ಇರುವುದು ಮನೆಯ ಒಂದು ಮೂಲೆಯಲ್ಲಿ. ಯಾವ ಮೂಲೆ ಎಂಬುದು ಒಂದೊಂದು ಮನೆಗೆ ಒಂದೊಂದು ಥರ. ಕೆಲವರಿಗೆ ಪಡಸಾಲೆಯಲ್ಲಿ, ಕೆಲವರಿಗೆ ಒಲೆಯ ಹಿಂದೆ, ಎದುರು ಮನೆಯ ರುದ್ರಮ್ಮನಿಗೆ ಪಾಪ ದನದ ಕೊಟ್ಟಿಗೆಯಲ್ಲಿ. ನಮ್ಮ ಮನೆಯಲ್ಲಿ ಅದು ನಡುಮನೆಯ ರಾಗಿ ಕಣಜದ ಪಕ್ಕದಲ್ಲಿತ್ತು, ಒಬ್ಬರು ಮಗ್ಗುಲಾಗಿ ಮಲಗುವಷ್ಟು ಜಾಗ. ಅಲ್ಲಿ ಮಲಗಿ ಎದ್ದವರಿಗೆ ಹಠ ಇರುತ್ತದೆ. ಅಂದುಕೊಂಡದ್ದನ್ನು ಅವರು ಮಾಡುತ್ತಾರೆ, ಬಿಡಬೇಕಾದ್ದನ್ನು ಬಿಡುತ್ತಾರೆ. ಮನೆಯ ಮಿಕ್ಕವರು ನಾಳೆ ಮಾಡೋಣ ಎಂದುಕೊಂಡು ಆರಾಮಾಗಿರುತ್ತಾರೆ.

ಆದ್ದರಿಂದ ನಮ್ಮಲ್ಲಿ ಯಾರೂ ಯಾರನ್ನೂ ಸೋಮಾರಿ ಎಂದು ಬೈಯುವುದಿಲ್ಲ. ಹೆಣ್ಣು ನೋಡಲು ಹೋದವರು ಕೂಡ, ಹುಡುಗಿಗೆ ಅಡುಗೆ ಬರುತ್ತದೆಯೇ ಎಂದು ಕೇಳುವ ಮೊದಲು, ಈಗ ಮೂಲೆ ಯಾರದು ಎಂದು ಕೇಳುತ್ತಾರೆ. ರುದ್ರಮ್ಮನ ಮಗ ಪರೀಕ್ಷೆಗೆ ಓದಿದ ವರ್ಷ ಅವರ ಅಂಗಳಕ್ಕೆ ಪೊರಕೆ ಬೀಳಲಿಲ್ಲ. ರುದ್ರಮ್ಮ ತಲೆ ಬಾಚಿಕೊಳ್ಳುವುದನ್ನೇ ಬಿಟ್ಟಳು, ಅವಳ ಗಂಡ ಮಧ್ಯಾಹ್ನದವರೆಗೂ ಹೊದ್ದುಕೊಂಡೇ ಇರುತ್ತಿದ್ದ. ಬೀದಿಯವರು ಕೊಟ್ಟಿಗೆಯ ಕಡೆ ಒಂದು ಸಲ ನೋಡಿ ಸುಮ್ಮನಾದೆವು. ಹುಡುಗ ಪಾಸಾದ ಮೇಲೆ ಗಂಡ ಕೊಟ್ಟಿಗೆಗೆ ಚಾಪೆ ಒಯ್ದ, ಎಷ್ಟೋ ವರ್ಷದಿಂದ ತೋಡುತ್ತೇನೆ ಎನ್ನುತ್ತಿದ್ದ ಬಾವಿಯನ್ನು ಒಂದೇ ಬೇಸಿಗೆಯಲ್ಲಿ ತೋಡಿ ಮುಗಿಸಿದ. ಆಗ ಹುಡುಗ ಹೊದ್ದುಕೊಂಡು ಮಲಗಿದ.

ಇನ್ನೊಂದು ಮರ್ಯಾದೆ ಇದೆ. ಮೂಲೆ ಇಲ್ಲದವರಿಗೆ ಮುಖ ನೋಡಿಕೊಂಡು ಅಪ್ಪಣೆ ಮಾಡಬಾರದು. ಏನಿದ್ದರೂ ಗೋಡೆಗೆ ಹೇಳಬೇಕು. ನಮ್ಮತ್ತೆ ಕೆಂಚಮ್ಮ ಗೋಡೆಯ ಕಡೆ ತಿರುಗಿ, "ಗೋಡೆಯಪ್ಪ, ಹಂಡೇಲಿ ನೀರಿಲ್ಲ ಕಣೋ" ಎನ್ನುತ್ತಿದ್ದರು. ಕೇಳಿಸಿಕೊಂಡವರಲ್ಲಿ ಯಾರಿಗೆ ಮನಸ್ಸಾಯಿತೋ ಅವರು ಎದ್ದು ತರುತ್ತಿದ್ದರು. ಯಾರಿಗೂ ಮನಸ್ಸಾಗದಿದ್ದರೆ ಆ ದಿನ ಸ್ನಾನವಿಲ್ಲ, ಅಷ್ಟೇ. ತವರಿನ ಗೋಡೆಗಿಂತ ಅತ್ತೆಮನೆಯ ಗೋಡೆಗೆ ಕೆಲಸ ಜಾಸ್ತಿ ಎಂದು ನಾನು ಹೊಸದರಲ್ಲಿ ತಮಾಷೆ ಮಾಡುತ್ತಿದ್ದೆ. ಆದರೆ ಈ ಮರ್ಯಾದೆ ತಮಾಷೆಯದಲ್ಲ. ನೇರವಾಗಿ ಹೇಳಿಸಿಕೊಂಡು ಮಾಡಿದವರು ಒಂದು ಚೂರು ಬರಿದಾಗುತ್ತಾರೆ. ಒಂದೆರಡು ಸಲಕ್ಕೆ ಏನೂ ಗೊತ್ತಾಗುವುದಿಲ್ಲ. ಹೇಳಿಸಿಕೊಳ್ಳುತ್ತಲೇ ಹೋದರೆ ಗೊತ್ತಾಗುತ್ತದೆ.

ಪೂರ್ತಿ ಬರಿದಾದವರು ಹೇಗಿರುತ್ತಾರೆ ಎಂದು ನಮಗೆಲ್ಲ ತಿಳಿದಿತ್ತು, ಏಕೆಂದರೆ ನಮ್ಮ ಬೀದಿಯ ತುದಿಯಲ್ಲೇ ಒಂದು ಬರಿದು ಮನೆ ಇತ್ತು. ಆ ಮನೆಯ ಮುದುಕಪ್ಪ ಮೂಲೆಯಲ್ಲಿ ಮಲಗಿದ್ದಾಗಲೇ ತೀರಿಕೊಂಡ. ಉಸಿರು ಹೋಗುವ ಮುಂಚೆ ಅವನನ್ನು ಈಚೆ ಎಳೆಯುವುದು ಮನೆಯವರಿಗೆ ಆಗಲಿಲ್ಲ, ಹಠ ಅವನ ಜೊತೆಗೇ ಹೋಯಿತು. ಅಂದಿನಿಂದ ಮಗ, ಸೊಸೆ, ಒಬ್ಬ ತಮ್ಮ, ಮೂವರೂ ಪಡಸಾಲೆಯಲ್ಲಿ ಕೂತಿರುತ್ತಿದ್ದರು. ಬೀದಿಯವರು ಸರದಿಯ ಮೇಲೆ ಹೋಗಿ ಹೇಳಿ ಬರುತ್ತಿದ್ದೆವು. ಏಳಿ ಎಂದರೆ ಏಳುತ್ತಾರೆ. ತಿನ್ನಿ ಎಂದರೆ ತಿನ್ನುತ್ತಾರೆ, ಸಾಕು ಎನ್ನುವವರೆಗೂ ತಿನ್ನುತ್ತಾರೆ. ನನ್ನ ಸರದಿ ಬಂದ ದಿನ ನಾನು ಬೇಗ ಬೇಗ ಹೇಳಿ, ಒಂದು ಸಲ ನೋಡಿದ್ದ ಅವರ ಕಣ್ಣನ್ನು ಮತ್ತೆ ನೋಡದೆ ಹೊರಗೆ ಬಂದುಬಿಡುತ್ತಿದ್ದೆ. ನನಗೆ ಆ ಮನೆ ಎಂದರೆ ಭಯ.

ನನ್ನ ಗಂಡ ಬೋರಲಿಂಗಯ್ಯ ಗರಡಿಮನೆಯ ವಸ್ತಾದರು. ಬೀದಿಯ ಹುಡುಗರಿಗೆಲ್ಲ ಸಾಮು ಕಲಿಸಿದವರು ಅವರೇ. ನಾನು ಮದುವೆಯಾಗಿ ಬಂದಾಗ ಅವರು ಕುಡಿಯುತ್ತಿದ್ದರು. ಸಂಜೆಗೊಂದಿಷ್ಟು ಎಂಬ ಕುಡಿತವಲ್ಲ, ಬಿದ್ದಲ್ಲಿಂದ ಹೊತ್ತು ತರಬೇಕಾದ ಕುಡಿತ. ಒಂದು ಸಲ ರಕ್ತ ಕಾರಿಕೊಂಡರು. ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಇನ್ನೊಮ್ಮೆ ಹೆಂಡ ಮುಟ್ಟಿದರೆ ನನ್ನ ಹತ್ತಿರ ಕರೆತರಬೇಡಿ, ನೆಟ್ಟಗೆ ಸುಡುಗಾಡಿಗೆ ಒಯ್ಯಿರಿ ಎಂದುಬಿಟ್ಟರು. ಅಲ್ಲಿಯವರೆಗೆ ಮೂಲೆ ನಮ್ಮತ್ತೆಯದಾಗಿತ್ತು. ಆವತ್ತು ಅವರು ತಮ್ಮ ಚಾಪೆ ಸುತ್ತಿಕೊಂಡು ಎದ್ದರು, ಮಗನ ಚಾಪೆಯನ್ನು ಅಲ್ಲಿ ಹಾಸಿದರು. ಬೆಳಗಾದ ಮೇಲೆ ನನ್ನ ಗಂಡ ಹೆಂಡ ಮುಟ್ಟಲಿಲ್ಲ. ಆಮೇಲೆ ಎಷ್ಟೋ ವರ್ಷ ಮುಟ್ಟಲಿಲ್ಲ. ಅತ್ತೆ ಬಿಟ್ಟಿದ್ದ ನಶ್ಯ ಅವರ ಮೂಗಿಗೆ ವಾಪಸು ಬಂತು. ನಾನಂತೂ ಮೊದಲಿನಿಂದಲೂ ಬೆಲ್ಲದ ಡಬ್ಬಿಯ ಹತ್ತಿರ ಹೋದರೆ ಕೈ ತಡೆಯಲಾರದವಳು.

ನನ್ನ ಗಂಡ ನಸುಕಿಗೆ ಏಳುವುದೇನು, ತಣ್ಣೀರು ಸುರಿದುಕೊಳ್ಳುವುದೇನು, ಬಸ್ಕಿ ಹೊಡೆಯುವುದೇನು. ಊರಿನವರು ಅವರನ್ನು ಕರೆದು ಹುಡುಗರಿಗೆ ನಾಲ್ಕು ಮಾತು ಹೇಳಿಸುತ್ತಿದ್ದರು. "ಮನಸು ಮಾಡಿದ್ರೆ ಆಗ್ದೇ ಇರೋದು ಏನೈತ್ರಪ್ಪಾ? ನನ್ನ ನೋಡಿ" ಎಂದು ಎದೆ ತಟ್ಟಿ ಹೇಳುತ್ತಿದ್ದರು. ಮನೆಯಲ್ಲಿ ನಾನೂ ಅತ್ತೆಯೂ ಬೆಲ್ಲ, ನಶ್ಯ ಹಿಡಿದುಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ಆ ಎದೆ ತಟ್ಟುವಿಕೆಗಾಗಿ ಇಬ್ಬರು ಹೆಂಗಸರು ಸಡಿಲವಾಗಿ ಕೂತಿದ್ದರು. ಅದು ನನ್ನ ಗಂಡನಿಗೆ ಹೊಳೆಯಲೇ ಇಲ್ಲ. ಹಾಗೆಂದು ನನಗೆ ಕೋಪವೇನೂ ಇರಲಿಲ್ಲ. ನನಗೆ ಅವರನ್ನು ಕಂಡರೆ ಆಸೆ. ಬೇಕು ಎಂದರೆ ಗಂಟಲು ಬಿಚ್ಚಿ ಬೇಕು ಎನ್ನುವ ಗಂಡಸು. ಹಲಸಿನ ಹಣ್ಣಿಗಾಗಿ ತಂಗಿಯ ಜೊತೆ ಜಗಳ ಆಡುತ್ತಿದ್ದರು, ಕುಸ್ತಿಯಲ್ಲಿ ಶಿಷ್ಯ ಸೋತರೆ ಅಳುತ್ತಿದ್ದರು. ಅಂಥವರು ಬದುಕಿ ಮನೆಯಲ್ಲಿದ್ದರೆ ಸಾಕು, ಬೆಲ್ಲ ತಿಂದು ನಾಲ್ಕು ಹಲ್ಲು ಹೋದರೆ ಹೋಗಲಿ ಎಂದುಕೊಂಡಿದ್ದೆ.

ಹೀಗಿರುವಾಗ ನಾನು ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಲು ಹೋಗಿ ಏಣಿಯಿಂದ ಬಿದ್ದೆ. ಮಂಡಿಯ ಕೆಳಗೆ ಮೂಳೆ ಮುರಿಯಿತು. ನಾಟಿ ವೈದ್ಯ ಸಿದ್ದೇಗೌಡರು ಬಿದಿರಿನ ದಬ್ಬೆ ಇಟ್ಟು, ಮೊಟ್ಟೆಯ ಪಟ್ಟು ಹಾಕಿ ಕಟ್ಟಿದರು. ಕಟ್ಟು ಬಿಚ್ಚಿದಾಗ ಮೂಳೆ ಕೂಡಿತ್ತು, ಆದರೆ ಮಂಡಿ ಮಡಿಸಲು ಬರುತ್ತಿರಲಿಲ್ಲ. ಅವರು ನನ್ನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಸಲ ಒತ್ತಿದರು. ನನಗೆ ಕಣ್ಣು ಕತ್ತಲೆ ಬಂತು.

"ಬೆಳಗೂ ಬೈಗೂ ಹಿಂಗೇ ಮಡಿಸ್ಬೇಕು ಕಣವ್ವ" ಎಂದರು. "ಜೀವ ಹೋದಂಗಾಯ್ತದೆ. ಆದ್ರೂ ಬಿಡಬಾರ್ದು. ಈ ಮಳೆಗಾಲ ಕಳೆಯೋದ್ರೊಳಗೆ ಮಡಿಸಿದ್ರೆ ಮಡಿಸ್ದಂಗೆ. ಇಲ್ಲಾಂದ್ರೆ ಈ ಕಾಲು ಒನಕೆ."

ಮೂಲೆ ಇಲ್ಲದವಳಿಗೆ ಇಂಥ ಮಾತು ಹೇಳಿ ಏನು ಪ್ರಯೋಜನ? ಮೊದಲ ದಿನ ಒಂದು ಸಲ ಮಡಿಸಿ ಕಿರುಚಿದೆ. ಮರುದಿನ, ಊಟವಾದ ಮೇಲೆ ಎಂದುಕೊಂಡೆ. ಊಟವಾದ ಮೇಲೆ ನಿದ್ದೆ ಬಂತು. ಹೀಗೇ ದಿನ ಹೋದವು. ಹಿತ್ತಲಿಗೆ ಹೋಗಬೇಕಾದರೂ ಅತ್ತೆಯ ಹೆಗಲು ಬೇಕಾಗಿತ್ತು. ಆ ಇಳಿವಯಸ್ಸಿನ ಹೆಂಗಸು ನನ್ನ ಭಾರಕ್ಕೆ ಏದುಸಿರು ಬಿಡುವುದನ್ನು ಕೇಳಿ ನಾಚಿಕೆಯಾಗುತ್ತಿತ್ತು. ನಾಚಿಕೆಯಿಂದ ಮಂಡಿ ಮಡಚಿಕೊಳ್ಳುವುದಿಲ್ಲ. ಒಂದು ದಿನ ಗೋಡೆಗೆ ಹೇಳಿದೆ, "ಗೋಡೆಯಪ್ಪ, ನನಗೆ ನಡೀಬೇಕು ಅಂತ ಐತೆ. ನಾನು ತೆವಳಿಕೊಂಡೇ ಸಾಯ್ತೀನೇನೋ ಅಂತ ಭಯ ಆಗ್ತೈತೆ."

ನನ್ನ ಗಂಡ ಬಾಗಿಲಲ್ಲಿ ಮೈ ಒರೆಸಿಕೊಳ್ಳುತ್ತ ನಿಂತಿದ್ದರು. ಕೇಳಿಸಿಕೊಂಡರು. ಮೂಲೆಯಿಂದ ತಮ್ಮ ಚಾಪೆ ಎತ್ತಿ ನನ್ನ ಚಾಪೆಯನ್ನು ಅಲ್ಲಿ ಹಾಸಿದರು.

"ಬ್ಯಾಡ ಕಣ್ರೀ" ಎಂದೆ. "ನಿಮ್ಮ ಗತಿ?"

"ನಂಗೇನಾಯ್ತದೆ? ಇಷ್ಟು ವರ್ಷದ ಅಭ್ಯಾಸ. ಆ ವಾಸನೆನೇ ಮರ್ತು ಹೋಗೈತೆ. ಮನಸು ಮಾಡಿದ್ರೆ ಆಗ್ದೇ ಇರೋದು ಏನೈತೆ?"

ಅತ್ತೆ ಮಗನ ಮುಖ ನೋಡಿ, ನನ್ನ ಕಾಲಿನ ಕಡೆ ನೋಡಿ, ಒಲೆಯ ಮುಂದೆ ಹೋಗಿ ಕೂತರು. ನಾನು ಮೂಲೆಯಲ್ಲಿ ಮಲಗಿದೆ.

ಹಠ ಎಂದರೆ ಏನು ಎಂದು ನನಗೆ ಗೊತ್ತಾದದ್ದು ಮರುದಿನ ಬೆಳಿಗ್ಗೆ. ಅದೇನೂ ಸಂತೋಷವಲ್ಲ, ಧೈರ್ಯವೂ ಅಲ್ಲ. ನೋವು ಅಷ್ಟೇ ಇತ್ತು. ಆದರೆ ನೋವಿಗೂ ನನಗೂ ನಡುವೆ ಯಾರೋ ನಿಂತು, ಇನ್ನೊಂದು ಸಲ ಎನ್ನುತ್ತಿದ್ದರು. ಮಂಡಿ ಮಡಿಸಿದೆ, ಕಿರುಚಿದೆ, ಇನ್ನೊಂದು ಸಲ ಮಡಿಸಿದೆ. ಬೆಲ್ಲದ ಡಬ್ಬಿ ಪಕ್ಕದಲ್ಲೇ ಇತ್ತು, ಅದು ಬರೀ ಡಬ್ಬಿಯಾಗಿ ಕಂಡಿತು. ಸಂಜೆಯ ಹೊತ್ತಿಗೆ ಮೈಯೆಲ್ಲ ಬೆವರಿ ಜ್ವರ ಬಂದಂತಾಗಿತ್ತು. ಆದರೂ ಕಣಜ ಹಿಡಿದು ಎದ್ದು ನಿಂತು ಅತ್ತೆಯನ್ನು ಕರೆದು ತೋರಿಸಿದೆ. ಅಷ್ಟು ಚೆನ್ನಾಗಿ ನಾನು ಎಂದೂ ಬದುಕಿರಲಿಲ್ಲ.

ನನ್ನ ಗಂಡನ ಅಭ್ಯಾಸ ಕೆಲವೇ ದಿನ ತಡೆಯಿತು. ಹೆಂಡದಂಗಡಿ ಇರುವುದು ನಮ್ಮ ಬೀದಿ ಇಳಿದ ಮೇಲೆ, ಹೊಳೆಯ ಮೆಟ್ಟಿಲ ಹತ್ತಿರ. ಗಾಳಿ ಆ ಕಡೆಯಿಂದ ಬೀಸಿದರೆ ಅವರು ಊಟ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಒಂದು ಸಂಜೆ ಹೊಸ್ತಿಲ ಹತ್ತಿರ ನಿಂತು ಎರಡು ಕೈಯಲ್ಲೂ ಬಾಗಿಲವಾಡ ಹಿಡಿದುಕೊಂಡಿದ್ದರು.

"ಇಂದ್ರಾಣಿ, ಬ್ಯಾಡ ಅನ್ನು" ಎಂದರು.

ನಾನು ಗೋಡೆಯ ಕಡೆ ತಿರುಗಿದೆ.

"ಗೋಡೆಗಲ್ಲ ಕಣೇ. ನಂಗೇ ಹೇಳು. ನನ್ನ ಮುಖ ನೋಡ್ಕೊಂಡು ಹೇಳು."

ಅತ್ತೆ ಒಲೆಯ ಮುಂದಿನಿಂದ, "ಹೇಳ್ಬ್ಯಾಡ ಕಣವ್ವ, ಅವನೇ ತಡ್ಕೊಳ್ಳಲಿ" ಎಂದರು. ಆದರೆ ನನ್ನ ಗಂಡನ ಕಾಲು ಆಗಲೇ ಹೊಸ್ತಿಲಿನ ಆಚೆ ಇತ್ತು. ಡಾಕ್ಟರು ಹೇಳಿದ ಮಾತು ನನ್ನ ಕಿವಿಯಲ್ಲಿತ್ತು. ನಾನು ಅವರ ಮುಖ ನೋಡಿಕೊಂಡು, ಹೋಗಬೇಡಿ, ಕುಡಿಯಬೇಡಿ, ಒಳಗೆ ಬನ್ನಿ ಎಂದೆ. ಅವರು ಉಸಿರು ಬಿಟ್ಟು ಒಳಗೆ ಬಂದರು. ಹೆಗಲ ಮೇಲಿನ ಮೂಟೆ ಇಳಿಸಿದವರ ಹಾಗೆ ಕೂತು, ಹೊಟ್ಟೆ ತುಂಬ ಉಂಡು, ಚೆನ್ನಾಗಿ ನಿದ್ದೆ ಮಾಡಿದರು.

ಮರುದಿನವೂ ಕೇಳಿದರು, ಹೇಳಿದೆ. ಅದು ಇಬ್ಬರಿಗೂ ಸುಲಭವಾಯಿತು. ನಾನು ಕಾಲು ಮಡಿಸುವುದರ ನಡುವೆ ತಲೆಯೆತ್ತಿ ಬೇಡ ಎನ್ನುತ್ತಿದ್ದೆ, ಅವರು ಹೂಂ ಎಂದು ಕೂರುತ್ತಿದ್ದರು. ಆದರೆ ದಿನ ಮುಗಿಯುವ ಹೊತ್ತಿಗೆ ಇನ್ನೊಂದು ಮಾತನ್ನೂ ಕೇಳುತ್ತಿದ್ದರು, "ಇವತ್ತು ಮೂಲೆ ಕೊಡ್ತೀಯಾ?" ಎಂದು. ಕೇಳುವಾಗ ಗಂಟಲು ಗಟ್ಟಿಯಾಗಿಯೇ ಇರುತ್ತಿತ್ತು. ನಾನು, ಇನ್ನೊಂದು ವಾರ, ಮೆಟ್ಟಿಲು ಹತ್ತುವಷ್ಟಾದರೆ ಸಾಕು ಎನ್ನುತ್ತಿದ್ದೆ. ಹೊಸ್ತಿಲು ದಾಟುವಂತಾದ ಮೇಲೆ ಅಂಗಳ, ಅಂಗಳ ದಾಟಿದ ಮೇಲೆ ಬೀದಿ. ನನ್ನ ಮಾತು ಸುಳ್ಳಾಗಿರಲಿಲ್ಲ. ಹಠ ಹಿಡಿದವರಿಗೆ ಯಾವಾಗಲೂ ಮುಂದಿನದೊಂದು ಕಾಣುತ್ತಲೇ ಇರುತ್ತದೆ, ಹಿಂದಿನದು ಸಾಕು ಅನ್ನಿಸುವುದಿಲ್ಲ.

ಬರಬರುತ್ತ ಅವರು ಬೇರೆ ಮಾತುಗಳಿಗೂ ನನ್ನ ಕಡೆ ನೋಡತೊಡಗಿದರು. ಗರಡಿಗೆ ಹೋಗಲಾ ಎಂದು ಕೇಳಿದರು, ಹೋಗಿ ಎಂದೆ. ಸ್ನಾನ ಮಾಡಲಾ ಎಂದರು, ಮಾಡಿ ಎಂದೆ. ಒಂದು ದಿನ ಸ್ನಾನದ ಮನೆಯಿಂದ ಈಚೆ ಬರಲೇ ಇಲ್ಲ. ಹೋಗಿ ನೋಡಿದರೆ ಹಂಡೆ ಖಾಲಿಯಾಗಿತ್ತು, ಅವರು ಖಾಲಿ ಚೊಂಬನ್ನು ಮತ್ತೆ ಮತ್ತೆ ತಲೆಯ ಮೇಲೆ ಬೋರಲು ಮಾಡಿಕೊಳ್ಳುತ್ತಿದ್ದರು. ಸಾಕು ಎಂದೆ. ಚೊಂಬು ಕೆಳಗಿಟ್ಟರು. ಬೇರೆ ಯಾರಾದರೂ ಆಗಿದ್ದರೆ ಹೇಳುವುದನ್ನು ಅಲ್ಲಿಗೇ ನಿಲ್ಲಿಸುತ್ತಿದ್ದರೇನೋ. ನಾನು ಟವಲು ಕೊಟ್ಟು, ಒರೆಸಿಕೊಳ್ಳಿ ಎಂದು ಹೇಳಿ, ಮಂಡಿ ಮಡಿಸಲು ವಾಪಸು ಬಂದೆ.

ಅತ್ತೆ ತಮ್ಮ ಸೀರೆಗಳನ್ನು ಗಂಟು ಕಟ್ಟಿಕೊಂಡು ಪಕ್ಕದ ಬೀದಿಯ ಮಗಳ ಮನೆಗೆ ಹೊರಟು ನಿಂತರು.

"ಯಾಕೆ ಅತ್ತೆ?" ಎಂದೆ.

"ಇಲ್ಲೇ ಇದ್ರೆ ನೀನು ನಂಗೂ ಹೇಳೋಕೆ ಶುರು ಮಾಡ್ತೀಯ. ನಾನೂ ಹೂಂ ಅಂತೀನಿ. ಅದು ಬಲು ಸುಖ ಕಣವ್ವ, ನಂಗೊತ್ತು" ಎಂದರು. ಬಾಗಿಲಲ್ಲಿ ತಿರುಗಿ ನಿಂತು, "ಅವನು ಕೇಳ್ತಿರೋವಾಗ್ಲೇ ಮೂಲೆ ಕೊಟ್ಬುಡು" ಎಂದು ಸೇರಿಸಿದರು.

ಯೋಚಿಸಿದೆ. ಆ ಸಂಜೆ ನನ್ನ ಗಂಡ ಮೂಲೆ ಕೇಳಲಿಲ್ಲ. ಹಿಂದಿನ ಸಂಜೆಯೂ ಕೇಳಿರಲಿಲ್ಲ. ಕೊನೆಗೆ ಕೇಳಿದ್ದು ಯಾವಾಗ ಎಂದು ನೆನಪು ಮಾಡಿಕೊಳ್ಳಲು ಹೋದೆ, ಆಗಲಿಲ್ಲ. ಕೇಳುವುದು ನಿಂತದ್ದರಿಂದ ನನಗೆ ಒಂದು ಕಿರಿಕಿರಿ ತಪ್ಪಿತು ಅನ್ನಿಸಿತ್ತು, ಅಷ್ಟು ನೆನಪಿದೆ.

ಮಳೆಗಾಲ ಮುಗಿಯುತ್ತ ಬಂದಿತ್ತು. ಒಂದು ಮಧ್ಯಾಹ್ನ ನಾನು ಹಿತ್ತಲಲ್ಲಿ ಬಟ್ಟೆ ಹಿಂಡಿ ಒಳಗೆ ಬಂದಾಗ ಅವರು ಪಡಸಾಲೆಯಲ್ಲಿ ಇರಲಿಲ್ಲ. ಗಾಳಿ ಹೊಳೆಯ ಕಡೆಯಿಂದ ಬೀಸುತ್ತಿತ್ತು. ರುದ್ರಮ್ಮ ತನ್ನ ಅಂಗಳದಿಂದಲೇ, "ಗರಡಿಯಲ್ಲಿ ಹಿಂದೆ ಇದ್ದ ಯಾರೋ ಬಂದಿದ್ದ ಕಣಕ್ಕ, ಪರಸ್ಥಳದಲ್ಲಿ ಇರೋನು. ಬನ್ನಿ ವಸ್ತಾದ್ರೇ ಅಂತ ಕೈ ಹಿಡ್ಕೊಂಡು ಕರ್ಕೊಂಡೋದ" ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅವಳ ಮುಖ ಹೊಳೆಯ ಕಡೆ ತಿರುಗಿತ್ತು.

ಅಲ್ಲಿಯವರೆಗೆ ನಾನು ಬೀದಿಯ ತಿರುವು ದಾಟಿ ನಡೆದಿರಲಿಲ್ಲ. ಆವತ್ತು ನಡೆದೆ. ಕೋಲು ತೆಗೆದುಕೊಳ್ಳುವುದೂ ಮರೆತಿತ್ತು. ಇಳಿಜಾರಿನಲ್ಲಿ ಮಂಡಿಯೊಳಗೆ ಏನೋ ಕಳಚಿದಂತಾಯಿತು. ಮೆಟ್ಟಿಲುಗಳು ಬಂದವು. ಒಂದೊಂದನ್ನೂ ಇಳಿಯುವಾಗ ದೇವರೇ, ಅವರು ಗುಟುಕರಿಸಿರದಿರಲಿ ಎಂದುಕೊಂಡೆ. ಆ ದಾರಿಯನ್ನು ನಡೆದವಳು ನಾನೇ ಎಂದು ನನಗೆ ಈಗಲೂ ಹೆಮ್ಮೆ. ಸಿದ್ದೇಗೌಡರು ನೋಡಿದ್ದರೆ ಕೈ ಮುಗಿಯುತ್ತಿದ್ದರು.

ಹೆಂಡದಂಗಡಿಯನ್ನು ನಡೆಸುವವಳು ಸಣ್ಣತಾಯಮ್ಮ ಎಂಬ ದಪ್ಪ ಹೆಂಗಸು. ನನ್ನನ್ನು ಕಂಡವಳೇ ಎದ್ದು ಎದುರು ಬಂದಳು. ಕರೆತಂದವನು ಗ್ಲಾಸು ತುಂಬಿಸಿ, ಯಾರನ್ನೋ ಮಾತಾಡಿಸಲು ಹೊರಗೆ ಹೋಗಿದ್ದನಂತೆ. "ಬಂದು ಕೂತವ್ರೆ ಕಣವ್ವ, ಆಗ್ಲಿಂದ" ಎಂದಳು. ಅವಳ ದನಿ ಇಳಿದಿತ್ತು. "ನಂಗೆ ನೋಡಕಾಗ್ತಿಲ್ಲ. ಕರ್ಕೊಂಡೋಗು."

ನನ್ನ ಗಂಡ ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದರು. ಮುಂದೆ ತುಂಬಿದ ಗ್ಲಾಸು. ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ನೊರೆ ಆರಿ ಹೋಗಿತ್ತು. ನನಗೆ ಮೊದಲು ಆದದ್ದು ಸಂತೋಷ. ಬೆಂಚಿನ ತುದಿಯಲ್ಲಿ ಕುಸಿದು ಕೂತು, ಗೆದ್ದಿರಿ ಕಣ್ರೀ ಎಂದು ಅವರ ಭುಜ ಹಿಡಿದುಕೊಂಡೆ. ಅವರು ನನ್ನ ಕಡೆ ತಿರುಗಿದರು.

"ಕುಡೀಲಾ?" ಎಂದರು. "ಕೂತ್ಕೊಳ್ಳಿ ಅಂದ, ಕೂತೆ. ಕುಡೀರಿ ಅಂತ ಹೇಳ್ಲಿಲ್ಲ."

ಅವರ ಕಣ್ಣನ್ನು ನಾನು ಆಗ ನೋಡಿದೆ. ಆ ಕಣ್ಣಿನಲ್ಲಿ ಬೇಕು ಎಂಬುದೂ ಇರಲಿಲ್ಲ, ಬೇಡ ಎಂಬುದೂ ಇರಲಿಲ್ಲ. ಇದನ್ನು ನಾನು ಮೊದಲೇ ಕಂಡಿದ್ದೆ, ಬೀದಿಯ ತುದಿಯ ಮನೆಯಲ್ಲಿ.

ಆಮೇಲೆ ನಾನು ಮಾಡಿದ್ದನ್ನು ಯಾವ ಹೆಂಡತಿಯೂ ಮಾಡಿರಲಾರಳು. ಅವರಿಗೆ ಏನೂ ಹೇಳಲಿಲ್ಲ. ಗ್ಲಾಸನ್ನು ಅವರ ಕೈಗೆ ತಾಗುವಷ್ಟು ಹತ್ತಿರ ಸರಿಸಿ ಸುಮ್ಮನೆ ಕೂತೆ. ಒಂದು ಗುಟುಕು, ಒಂದೇ ಒಂದು ಗುಟುಕು ತಾವಾಗಿ ಕುಡಿಯಲಿ ಎಂದು ಹಂಬಲಿಸಿದೆ. ಬೆರಳು ಅಲ್ಲಾಡಿದರೂ ಸಾಕಾಗಿತ್ತು. ಅಂಗಡಿಯಲ್ಲಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಒಂದು ನೊಣ ಗ್ಲಾಸಿನ ಅಂಚಿನಿಂದ ಎದ್ದು ಅವರ ತುಟಿಯ ಮೇಲೆ ಕೂತಿತು, ತುಟಿಯ ಮೂಲೆಯವರೆಗೆ ನಡೆಯಿತು. ಅವರು ಅದನ್ನು ಓಡಿಸಲಿಲ್ಲ. ಸಣ್ಣತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಕೊನೆಗೆ ನಾನೇ ನೊಣ ಓಡಿಸಿ, ಏಳಿ, ಮನೆಗೆ ಹೋಗೋಣ ಎಂದೆ. ಎದ್ದು ಬಂದರು.

ಅವತ್ತೇ ಅತ್ತೆಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಇವತ್ತೇ ಅವರನ್ನು ಮೂಲೆಯಲ್ಲಿ ಮಲಗಿಸುತ್ತೇನೆ ಎಂದೆ.

"ಕೊಡೋಕೆ ನಿನ್ನ ಮನಸು ಸಾಕು" ಎಂದರು ಅತ್ತೆ. "ಇಸ್ಕೊಳ್ಳೋಕೆ ಅವನ ಮನಸು ಬೇಕಲ್ಲವ್ವ. ಹಿಡ್ಕೊಳ್ಳೋರಿಲ್ದೇ ಹೋದ್ರೆ ಅದು ಮನೇಲಿ ನಿಲ್ಲಾಕಿಲ್ಲ. ನೀನೇ ಇಟ್ಕೊ. ಅವನಿಗೆ ಹೇಳ್ಕೊಂಡು ಬದುಕು. ಅವನಂತೂ ಉಳ್ಕೋತಾನೆ, ನೀನೂ ಉಳ್ಕೋತೀಯ."

"ಅವ್ರು ಉಳಿದಂಗಾ ಅದು?"

"ಅಲ್ಲ" ಎಂದರು. "ಆದ್ರೆ ಒಬ್ಬರಾದ್ರೂ ಇರ್ತೀರಿ."

ಅತ್ತೆಯ ಮಾತು ಸರಿಯಾಗಿತ್ತು. ಸರಿ ಎಂದು ನನಗೂ ಗೊತ್ತಿತ್ತು. ಆದರೆ ಮನೆಗೆ ಬಂದು ಗಂಡನಿಗೆ ಊಟಕ್ಕಿಟ್ಟು, ತಿನ್ನಿ ಎಂದು ಹೇಳಿ, ನುಂಗಿ ಎಂದು ಹೇಳಿ, ನೀರು ಕುಡಿಯಿರಿ ಎಂದು ಹೇಳಿದಾಗ ನನಗೆ ತಡೆಯಲಾರದಷ್ಟು ಅಳು ಬಂತು. ಗಂಟಲು ಬಿಚ್ಚಿ ಬೇಕು ಎನ್ನುತ್ತಿದ್ದ ಮನುಷ್ಯ. ಅವರನ್ನು ಹಿಂದಕ್ಕೆ ತಂದೇ ತರುತ್ತೇನೆ ಎಂದು ನಿರ್ಧಾರ ಮಾಡಿದೆ. ಮೂಲೆಯವರು ಒಂದು ಸಲ ನಿರ್ಧಾರ ಮಾಡಿದರೆ ಆಯಿತು, ಹಿಂದೆ ಸರಿಯುವ ದಾರಿಯೇ ಇರುವುದಿಲ್ಲ. ಹಠ ಇಲ್ಲದ ಹಳೆಯ ಇಂದ್ರಾಣಿಯಾಗಿದ್ದರೆ, ನಾಳೆ ನೋಡೋಣ ಎಂದು ಬೆಲ್ಲ ತಿಂದು ಮಲಗುತ್ತಿದ್ದಳು, ಮನೆ ಉಳಿಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಅವರ ಚಾಪೆಯನ್ನು ಕಣಜದ ಪಕ್ಕ ಹಾಸಿದೆ. ಮಲಗಿ ಎಂದೆ, ಮಲಗಿದರು. ಅವರ ತಲೆ ಸವರಿ, ನಿಮಗೆ ಏನಾದರೂ ಬೇಕು ಅನ್ನಿಸಿದರೆ ಹಿಡಿದುಕೊಳ್ಳಿ, ಬಿಡಬೇಡಿ ಎಂದೆ. ಹೂಂ ಎಂದರು. ನಿದ್ದೆ ಮಾಡಿ ಎಂದ ತಕ್ಷಣ ಕಣ್ಣು ಮುಚ್ಚಿದರು. ನಾನು ಆಚೆ ಗೋಡೆಯ ಪಕ್ಕ ಮಲಗಿದೆ.

ಬೆಳಿಗ್ಗೆ ಎಚ್ಚರವಾದಾಗ ಮನೆ ಹಗುರವಾಗಿತ್ತು, ಯಾರೋ ಮನೆಯೊಳಗಿಂದ ಸಾಮಾನು ಸಾಗಿಸಿದ ಹಾಗೆ. ತಲೆ ತಿರುಗಿಸಿದ್ದಲ್ಲ, ನಾನು ಮಲಗಿದ್ದೇ ಆ ಕಡೆ ಮುಖ ಮಾಡಿಕೊಂಡು, ಆದ್ದರಿಂದ ಅವರು ಕಂಡರು. ಮೂಲೆಯಲ್ಲಿ ಅಂಗಾತ ಮಲಗಿ ಕಣ್ಣು ಬಿಟ್ಟುಕೊಂಡಿದ್ದರು. "ಏಳಲಾ?" ಎಂದರು. ಏಳಿ ಎನ್ನಬೇಕು ಎಂದುಕೊಂಡೆ. ಓಡಿ ಹೋಗಿ ಅವರನ್ನು ತಬ್ಬಿಕೊಳ್ಳಬೇಕು, ಎದೆ ಬಡಿದುಕೊಂಡು ಅಳಬೇಕು ಎಂದೂ ಅನ್ನಿಸಿತು. ಅನ್ನಿಸುತ್ತಲೇ ಇತ್ತು. ಬಿಸಿಲು ಬಾಗಿಲಿನಿಂದ ಬಂದು ನನ್ನ ಮುಖದ ಮೇಲೆ ಬಿತ್ತು, ಕಣ್ಣಿಗೆ ಚುಚ್ಚಿತು, ಮುಖದಿಂದ ಇಳಿದು ಕಾಲಿಗೆ ಹೋಯಿತು. ಅಷ್ಟು ಹೊತ್ತಿಗೆ ಅತ್ತೆ ಮಗಳ ಮನೆಯಿಂದ ಬಂದರು. ಬಾಗಿಲಲ್ಲೇ ನಿಂತು ಇಬ್ಬರನ್ನೂ ನೋಡಿದರು. ಗೋಡೆಗೆ ಹೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. "ಏಳಿ ಮಕ್ಕಳೇ" ಎಂದು ನಮಗೇ ಹೇಳಿದರು, ಇಬ್ಬರೂ ಎದ್ದೆವು.

ಬರಿದು ಮನೆಯವರ ಒಳಗೆ ಏನೂ ಇರುವುದಿಲ್ಲ ಎಂದು ನಾನು ತಿಳಿದುಕೊಂಡಿದ್ದೆ. ಎಲ್ಲ ಇರುತ್ತದೆ. ನೆನಪು ಇದೆ, ನಗು ಇದೆ, ಪಕ್ಕದಲ್ಲಿ ಕೂತವರ ಮೇಲೆ ಆಸೆ ಇದೆ. ಎದ್ದು ಅದನ್ನು ಈಚೆ ತಂದು ಕೊಡುವವರು ಒಳಗೆ ಇಲ್ಲ, ಅಷ್ಟೇ. ನನ್ನ ಗಂಡನ ಒಳಗೂ ಎಲ್ಲ ಇರಬಹುದು. ಅವರ ಕೈ ನನ್ನ ಕೈಯಿಂದ ಒಂದು ಗೇಣು ದೂರದಲ್ಲಿದೆ, ನೀವು ನೋಡುತ್ತಿದ್ದೀರಿ. ಹಿಡಿದುಕೋ ಎಂದು ಅತ್ತೆ ಹೇಳಿದ ದಿನ ಹಿಡಿದುಕೊಳ್ಳುತ್ತೇನೆ. ಅವರಿಗೂ ವಯಸ್ಸಾಯಿತು, ಎಲ್ಲ ದಿನ ನೆನಪಾಗುವುದಿಲ್ಲ. ಆದರೆ ನಮ್ಮ ಬೀದಿಯವರು ಈಗಲೂ ಮಕ್ಕಳಿಗೆ ನಮ್ಮನ್ನು ತೋರಿಸಿ ಹೇಳುವುದುಂಟು, ಬೋರಲಿಂಗಯ್ಯ ಹೆಂಡ ಮುಟ್ಟುವುದಿಲ್ಲ ಎಂದ, ಮುಟ್ಟಲಿಲ್ಲ, ಇಂದ್ರಾಣಿ ನಡೆಯುತ್ತೇನೆ ಎಂದಳು, ನಡೆದಳು ಎಂದು. ಅದು ನಿಜವೇ. ನನ್ನ ಮಂಡಿ ಈಗ ಚೆನ್ನಾಗಿ ಮಡಚಿಕೊಳ್ಳುತ್ತದೆ.

ನೀವು ಈ ಊರಿನವರಲ್ಲ. ನೆರಳಿಗೆಂದು ಜಗುಲಿ ಹತ್ತಿದವರು, ಅಮ್ಮ, ಈ ಮನೆಯ ಕಥೆ ಹೇಳಿ ಎಂದು ನನ್ನ ಮುಖ ನೋಡಿಕೊಂಡೇ ಹೇಳಿದಿರಿ. ಇಲ್ಲಿಯವರು ಯಾರೂ ಹಾಗೆ ಹೇಳುವುದಿಲ್ಲ. ನೀವು ಹೇಳಿದ್ದರಿಂದ ಹೇಳಿದೆ, ಬಾಯಿ ಒಣಗಿದೆ, ಇನ್ನು ಹೇಳುವುದೇನೂ ಇಲ್ಲ. ಹೊರಡುತ್ತೀರಿ ಎಂದು ಕಾಣುತ್ತದೆ, ಚೀಲ ಹೆಗಲಿಗೇರಿಸಿದಿರಿ. ಹೋಗುವ ಮುಂಚೆ ಒಂದು ಮಾತು ಹೇಳಿ ಹೋಗಿ ತಾಯಿ. ಸಾಕು ಎನ್ನಿ.